65ಕ್ಕೋ, 67ಕ್ಕೋ? ಒಂದೇ ಚೀಲ, ಎರಡು ಪ್ರಶ್ನೆ

2016ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ರಾಜ್ಯಮಟ್ಟದ 17 ಪ್ರಸ್ತಾಪಗಳಿದ್ದವು. ಅವುಗಳಲ್ಲಿ ಎರಡು ಅಂಗಡಿಯ ಪ್ಲಾಸ್ಟಿಕ್ ಚೀಲದ ಬಗ್ಗೆಯೇ.

ಪ್ರಸ್ತಾಪ 67: ತೆಳು ಚೀಲಗಳ ನಿಷೇಧಕ್ಕೆ 2014ರಲ್ಲೇ ಕಾನೂನಾಗಿತ್ತು. ಚೀಲ ತಯಾರಕರು ಸಹಿ ಸಂಗ್ರಹಿಸಿ ಅದನ್ನು ತಡೆಹಿಡಿಸಿ, ಜನರ ಮುಂದೆ ತಂದರು. ಹಾಗಾಗಿ ಇಲ್ಲಿ ‘ಹೌದು’ ಎಂದರೆ ನಿಷೇಧ ಇರಲಿ, ‘ಇಲ್ಲ’ ಎಂದರೆ ಬೇಡ. ನಿಷೇಧ ಬೇಡವೆನ್ನುವವರು ‘ಹೌದು’ ಒತ್ತಿ ಮೋಸಹೋಗುವುದು ಇಂಥಲ್ಲೇ.

ಪ್ರಸ್ತಾಪ 65: ಕಾಗದದ ಅಥವಾ ಮರುಬಳಕೆಯ ಚೀಲಕ್ಕೆ ವಸೂಲಾಗುವ 10 ಸೆಂಟ್ ಅಂಗಡಿಯವನಿಗಲ್ಲ, ಪರಿಸರ ನಿಧಿಗೆ. ಕೇಳಲು ಎಷ್ಟು ಚೆಂದ! ಇದರ ಹಿಂದಿದ್ದವರೂ ಅದೇ ಚೀಲ ತಯಾರಕರು. ಎರಡೂ ಗೆದ್ದು 65ಕ್ಕೆ ಹೆಚ್ಚು ಮತ ಬಿದ್ದಿದ್ದರೆ ನಿಷೇಧಕ್ಕೇ ಕುತ್ತು ಬರಬಹುದೆಂಬ ಕಾನೂನಿನ ತಕರಾರೂ ಇತ್ತು.

ಪ್ಲಾಸ್ಟಿಕ್ ಕಡಿಮೆಯಾಗಬೇಕು ಅನ್ನುವವರಿಗೆ ನನ್ನ ಲೆಕ್ಕದಲ್ಲಿ 67ಕ್ಕೆ ‘ಹೌದು’, 65ಕ್ಕೆ ‘ಇಲ್ಲ’. ಅಂಗಡಿಗೆ ಹಣ ಹೋಗುವುದೇ ಸಂಕಟ ಎನ್ನುವವರಿಗೆ ಮಾತ್ರ 65ರಲ್ಲಿ ಅರ್ಥವಿತ್ತು.

ಫಲಿತಾಂಶ: 67 ಸುಮಾರು ಶೇ 53 ಮತದಿಂದ ಗೆದ್ದಿತು, 65ಕ್ಕೆ ಸಿಕ್ಕಿದ್ದು ಸುಮಾರು ಶೇ 46. ಆದರೆ ‘ಮರುಬಳಕೆ’ಯ ಹೆಸರಿನ ದಪ್ಪ ಪ್ಲಾಸ್ಟಿಕ್ ಚೀಲಗಳು ಉಳಿದುಕೊಂಡವು, ಅವನ್ನೂ ನಿಲ್ಲಿಸಲು 2024ರಲ್ಲಿ ಮತ್ತೊಂದು ಕಾನೂನು ಬೇಕಾಯಿತು.