ಎ ಲೆವೆಲ್ ಮನೋವಿಜ್ಞಾನ: ಹೈಲೈಟರ್, ಕಾರ್ಡು, ಹಳೆಯ ಪ್ರಶ್ನೆಪತ್ರಿಕೆ, ಅಜ್ಜಿ

ಇಂಗ್ಲೆಂಡಿನ ಪಿಯುಸಿ ಎನ್ನಬಹುದಾದ ಎ ಲೆವೆಲ್‌ಗೆ ಮನೋವಿಜ್ಞಾನ ತೆಗೆದುಕೊಂಡಿದ್ದೇನೆ ಎಂದರೆ ನಮ್ಮವರ ಮೊದಲ ಮಾತು, "ಬಾಯಿಪಾಠ ಮಾಡಿದರಾಯಿತಲ್ಲ." ದಾವಣಗೆರೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಇಂಗ್ಲೆಂಡಿನಲ್ಲಿ ಎ ಲೆವೆಲ್ ಕಲಿಸುವ ಸಿಕ್ಸ್ತ್ ಫಾರ್ಮ್ ಸೇರಿದ ನನಗೆ ಉರು ಹೊಡೆಯುವುದರಲ್ಲಿ ಕೈ ಪಳಗಿತ್ತು. ಆದರೆ ನಾನು ಬರೆದ ಎಕ್ಯುಎ ಮಂಡಳಿಯ ಪರೀಕ್ಷೆಯ ಲೆಕ್ಕವೇ ಬೇರೆ. ಮೂರು ಪತ್ರಿಕೆ, ಒಂದೊಂದಕ್ಕೂ ಎರಡು ಗಂಟೆ, 96 ಅಂಕ. ಪ್ರಾಜೆಕ್ಟ್ ಇಲ್ಲ, ಇಂಟರ್ನಲ್ ಅಂಕವೂ ಇಲ್ಲ. ಎರಡು ವರ್ಷದ ಓದಿಗೆ ಮೇ, ಜೂನ್‌ನಲ್ಲೇ ತೀರ್ಪು. ಅಷ್ಟರಲ್ಲಿ ನಾಲ್ಕು ಬಗೆಯಲ್ಲಿ ಓದಿ ನೋಡಿದೆ.

ಹೈಲೈಟರ್ ವಿಷಯ ಬೇಗ ಮುಗಿಸುತ್ತೇನೆ. ಬಣ್ಣ ಬಳಿದ ಪುಟವನ್ನು ಎರಡನೇ ಸಲ ಓದುವಾಗ ಎಲ್ಲವೂ ಗೊತ್ತಿದೆ ಎನ್ನಿಸುತ್ತದೆ. ಪುಸ್ತಕ ಮುಚ್ಚಿದರೆ ಅರ್ಧ ಮಾಯ. ತಮಾಷೆಯೆಂದರೆ ಇದನ್ನು ಮನೋವಿಜ್ಞಾನಿಗಳೇ ಅಳೆದಿದ್ದಾರೆ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಎರಡು ಸಲ ಓದಿದವರು ಐದು ನಿಮಿಷದ ಬಳಿಕ ಮುಂದಿದ್ದರು. ಒಂದು ವಾರ ಕಳೆದಾಗ ಅವರಿಗೆ ನೆನಪಿದ್ದದ್ದು ಶೇ 42ರಷ್ಟು. ಒಮ್ಮೆ ಓದಿ, ನೋಡದೆ ಬರೆದವರಿಗೆ ಶೇ 56ರಷ್ಟು. ಮರುದಿನದ ಕಿರುಪರೀಕ್ಷೆಗೆ ಹೈಲೈಟರ್ ಸಾಕು. ಎರಡು ವರ್ಷದ ಓದಿಗೆ ಅದನ್ನು ನಂಬಬೇಡಿ.

ಕಾರ್ಡುಗಳು ಅದಕ್ಕಿಂತ ಎಷ್ಟೋ ಮೇಲು. ಮುಂದೆ "ಮಿಲ್‌ಗ್ರಾಮ್, 1963", ಹಿಂದೆ "40 ಗಂಡಸರು, 450 ವೋಲ್ಟ್‌ವರೆಗೆ ಹೋದವರು ಶೇ 65". ಅಪ್ಪಣೆ ಬಂದರೆ ಜನ ಇನ್ನೊಬ್ಬರಿಗೆ ವಿದ್ಯುತ್ ಶಾಕ್ ಕೊಡಲು ಮುಂದಾಗುತ್ತಾರೆಯೇ ಎಂದು ನೋಡಿದ ಪ್ರಯೋಗ ಅದು. ಕಾಗದದ ಕಾರ್ಡನ್ನೂ ಬಳಸಿದೆ, ಮೊಬೈಲ್‌ನಲ್ಲಿ ಆ್ಯಂಕಿ ಎಂಬ ಕಾರ್ಡಿನ ಆ್ಯಪನ್ನೂ ಬಳಸಿದೆ. ಬಸ್ಸಿನಲ್ಲಿ ಕಾಗದವೇ ಹಿತ, ಆದರೆ ಅದರಲ್ಲಿ ಗೊತ್ತಿರುವುದನ್ನೇ ಮತ್ತೆ ಮತ್ತೆ ತಿರುವಿ ಸಂತೋಷಪಡುತ್ತೇವೆ. ಆ್ಯಂಕಿ ಸಾಲ ವಸೂಲಿಗೆ ಬಂದವನಂತೆ: ಒಂದು ದಿನ ತಪ್ಪಿಸಿಕೊಂಡರೆ ಮರುದಿನ ಬಾಕಿ ಸಮೇತ ಎದುರು ನಿಲ್ಲುತ್ತದೆ. ಕಿರಿಕಿರಿ ನಿಜ, ಆದರೂ ನನ್ನ ಮತ ಅದಕ್ಕೇ.

ಇಷ್ಟಾದರೂ ಕಾರ್ಡಿಗೆ ಒಂದು ಮಿತಿಯಿದೆ, ಅದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಕುಳಿತಾಗಲೇ ಕಾಣುವುದು. ದೊಡ್ಡ ಪ್ರಬಂಧಕ್ಕೆ 16 ಅಂಕ. ಅದರಲ್ಲಿ ವಿವರಣೆಗೆ ಸಿಗುವುದು 6, ವಿಮರ್ಶೆಗೆ 10. ಕಾರ್ಡು ತುಂಬಿಕೊಡುವುದು ಆ ಆರನ್ನು ಮಾತ್ರ. ಉದಾಹರಣೆಗೆ, ಗ್ಯಾಬರ್ಟ್ ಮತ್ತು ಸಂಗಡಿಗರ 2003ರ ಅಧ್ಯಯನದಲ್ಲಿ, ತಮ್ಮೊಳಗೆ ಮಾತಾಡಿಕೊಂಡ ಸಾಕ್ಷಿಗಳಲ್ಲಿ ಶೇ 71 ಮಂದಿ ತಾವು ನೋಡದೇ ಇದ್ದುದನ್ನೂ ನೋಡಿದೆವೆಂದು ಹೇಳಿದರು. ಕಾರ್ಡಿನಲ್ಲಿ 71 ಇರುತ್ತದೆ. ಪ್ರಶ್ನೆಯಲ್ಲಿ ಬರುವುದು ಮಾತ್ರ ಅಪಘಾತ ನೋಡಿದ ಇಬ್ಬರು. ಪೊಲೀಸರು ಬರುವ ಮೊದಲೇ ಅವರು ಹರಟಿದ್ದಾರೆ, ಅವರ ಹೇಳಿಕೆಗಳು ಯಾಕೆ ಹೊಂದಿಕೆಯಾದವು ಎಂದು ನೀವು ಬಿಡಿಸಿ ಹೇಳಬೇಕು. ಗಡಿಯಾರ ಮುಂದಿಟ್ಟುಕೊಂಡು 20 ನಿಮಿಷಕ್ಕೆ ಒಂದು ಪ್ರಬಂಧ ಬರೆದು, ಮಾರ್ಕ್ ಸ್ಕೀಮ್ (ಯಾವುದಕ್ಕೆ ಎಷ್ಟು ಅಂಕ ಎಂಬ ಮಂಡಳಿಯ ಸೂಚಿ) ಹಿಡಿದು ನಾವೇ ಕೆಂಪು ಪೆನ್ನು ಆಡಿಸಿದರೆ ಬುದ್ಧಿ ಬರುತ್ತದೆ. ಬೇಸರದ ಕೆಲಸ, ಸಂಶಯವಿಲ್ಲ. ಅಂಕ ತಂದುಕೊಟ್ಟದ್ದು ಮಾತ್ರ ಇದೇ.

ನಾಲ್ಕನೆಯದು ಎಲ್ಲರಿಗೂ ಸಿಗುವ ಸೌಲಭ್ಯವಲ್ಲ: ಅಜ್ಜಿ. ಅವರು ನಮ್ಮೊಂದಿಗೆ ಇದ್ದ ತಿಂಗಳುಗಳಲ್ಲಿ, ಅವರು ಹುರುಳಿಕಾಯಿ ನಾರು ತೆಗೆಯುವಾಗ ನಾನು ಪಾಠ ಒಪ್ಪಿಸುತ್ತಿದ್ದೆ. ತಾಯಿ-ಮಗುವಿನ ಬಾಂಧವ್ಯ ಅಳೆಯಲು ಮನೋವಿಜ್ಞಾನಿ ಏನ್ಸ್‌ವರ್ತ್ ಮಕ್ಕಳ ಮೇಲೆ ನಡೆಸಿದ ಪ್ರಯೋಗವನ್ನು ವಿವರಿಸಿದೆ. ಅಪರಿಚಿತ ಕೋಣೆ, ಅಪರಿಚಿತ ಹೆಂಗಸು. ತಾಯಿ ಎದ್ದು ಹೋಗುತ್ತಾಳೆ, ಮಗು ಏನು ಮಾಡುತ್ತದೆಂದು ಒಂದೇ ಕಡೆಯಿಂದ ಕಾಣುವ ಕನ್ನಡಿಯ ಆಚೆಯಿಂದ ನೋಡುತ್ತಾರೆ.

"ನಮ್ಮ ಮನೆಯಲ್ಲಿ ಕೂಸು ಒಬ್ಬರ ಸೊಂಟದಲ್ಲೇ ಬೆಳೆದದ್ದುಂಟೇನೇ?" ಎಂದರು ಅಜ್ಜಿ. "ದೊಡ್ಡಮ್ಮ ಎತ್ತಿಕೊಂಡರೆ ಅಲ್ಲಿ, ಪಕ್ಕದ ಮನೆಯವರು ಕರೆದರೆ ಅಲ್ಲಿ. ಅಮ್ಮ ಎದ್ದು ಹೋದಾಗ ಅಳಲಿಲ್ಲ ಎಂದರೆ ಮಮತೆಯಿಲ್ಲ ಎಂದು ಬರೆದುಕೊಳ್ಳುತ್ತಾರೇನು?"

ಅಳುವುದೊಂದನ್ನೇ ನೋಡುವುದಿಲ್ಲ, ತಾಯಿ ಮರಳಿದಾಗ ಮಗು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಮುಖ್ಯ ಎಂದು ನಾನು ಉತ್ತರ ಹುಡುಕಬೇಕಾಯಿತು. ಆದರೆ ಅವರ ಆಕ್ಷೇಪ ಪೊಳ್ಳಲ್ಲ. 1988ರಲ್ಲಿ ಫಾನ್ ಐಝೆಂಡೋರ್ನ್ ಮತ್ತು ಕ್ರೋನೆನ್‌ಬರ್ಗ್ ಇದೇ ಪ್ರಯೋಗದ 32 ಅಧ್ಯಯನಗಳನ್ನು ಎಂಟು ದೇಶಗಳಿಂದ ಕಲೆಹಾಕಿದರು, ಅದರಲ್ಲಿ ಭಾರತವಿಲ್ಲ. ಅಮೆರಿಕದಲ್ಲಿ ರೂಪುಗೊಂಡ ಅಳತೆಗೋಲನ್ನು ಬೇರೆಡೆ ಹಾಗೆಯೇ ಹಚ್ಚಬಹುದೇ ಎಂಬುದು ವಿಮರ್ಶೆಯ ಹತ್ತು ಅಂಕದಲ್ಲಿ ಒಂದು ಗಟ್ಟಿ ವಾದ. ಪುಸ್ತಕದಲ್ಲಿ ಓದಿದಾಗ ಅದು ಒಂದು ಸಾಲಾಗಿತ್ತು, ಅಜ್ಜಿಯ ಜೊತೆ ವಾದಿಸಿದ ಮೇಲೆ ಒಂದು ಪ್ಯಾರಾ ಬರೆಯುವಷ್ಟಾಯಿತು. ಅಜ್ಜಿ ಇಲ್ಲದವರು ಎದುರು ಪ್ರಶ್ನೆ ಹಾಕುವ ಯಾರನ್ನಾದರೂ ಹಿಡಿದುಕೊಳ್ಳಿ. "ಹೌದಾ, ಸರಿ" ಎನ್ನುವವರಿಂದ ಪ್ರಯೋಜನವಿಲ್ಲ. ನನ್ನ ತಮ್ಮ ಆ ಜಾತಿ.

ಸಂಶೋಧನಾ ವಿಧಾನಗಳ ಭಾಗಕ್ಕೆ ಅಜ್ಜಿಯೂ ಇಲ್ಲ, ಕಾರ್ಡೂ ಇಲ್ಲ. ಒಟ್ಟು ಅಂಕದಲ್ಲಿ ಕನಿಷ್ಠ ಶೇ 10 ಗಣಿತ ಕೌಶಲಕ್ಕೆ ಮೀಸಲು. ಸೈನ್ ಟೆಸ್ಟ್ ಎಂಬ ಸಂಖ್ಯಾಶಾಸ್ತ್ರದ ಲೆಕ್ಕವನ್ನು ಕೈಯಾರೆ ಮಾಡಿಯೇ ಕಲಿಯಬೇಕು, ಅದಕ್ಕೂ ಹಳೆಯ ಪತ್ರಿಕೆಗಳೇ ಗತಿ.

ಅವು ಬೇಕಾದಷ್ಟು ಸಿಗುವುದಿಲ್ಲ ಎಂಬುದು ನೆನಪಿರಲಿ. ನಾನು ಓದಿದ ಪಠ್ಯಕ್ರಮದ ಮೊದಲ ಎ ಲೆವೆಲ್ ಪರೀಕ್ಷೆ ನಡೆದದ್ದು 2017ರಲ್ಲಿ. ಕೋವಿಡ್‌ನಿಂದಾಗಿ 2020 ಮತ್ತು 2021ರ ಬೇಸಿಗೆಯಲ್ಲಿ ಪರೀಕ್ಷೆಯೇ ಇರಲಿಲ್ಲ. ಅಕ್ಟೋಬರ್‌ನಲ್ಲೇ ಎಲ್ಲವನ್ನೂ ಬಿಡಿಸಿ ಕೂರಬೇಡಿ. ಹಳೆಯವುಗಳಿಂದ ಒಂದೊಂದೇ ಪ್ರಬಂಧದ ಪ್ರಶ್ನೆ ಆರಿಸಿಕೊಂಡು ಬರೆಯಿರಿ, ಇತ್ತೀಚಿನ ಎರಡು ವರ್ಷದ ಪೂರ್ತಿ ಪತ್ರಿಕೆಗಳನ್ನು ಏಪ್ರಿಲ್‌ವರೆಗೆ ಮುಟ್ಟದೆ ಇಟ್ಟುಕೊಳ್ಳಿ.