ಐದು ಖಾನೆಯ ಸ್ಟೀಲ್ ತಟ್ಟೆ: ಎಂಟು ತಿಂಗಳು ಬಳಸಿದ ಮೇಲೆ

ನನ್ನ ಮಗನಿಗೆ 6 ವರ್ಷ, ಆಟಿಸಂ ಇದೆ, ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ಥರ; ರುಚಿ, ಸ್ಪರ್ಶ, ಸದ್ದು ಅವನಿಗೆ ನಮಗಿಂತ ಬೇರೆ ಥರ ತಾಗುತ್ತವೆ. ತಿನ್ನುವುದು ಗರಿಗರಿ ದೋಸೆ, ಒಗ್ಗರಣೆ ಹಾಕದ ಮೊಸರನ್ನ, ಹಪ್ಪಳ, ಒಂದೇ ಥರದ ಬಿಸ್ಕತ್ತು, ಅಷ್ಟೇ. ಮೊಸರನ್ನದಲ್ಲಿ ಒಂದು ಸಾಸಿವೆ ಕಾಳು ಕಂಡರೂ ಅವತ್ತಿನ ಊಟ ಮುಗಿಯಿತು. ಪಾತ್ರೆ ಅಂಗಡಿಯಲ್ಲಿ ಹಾಸ್ಟೆಲ್ ಮೆಸ್‌ಗೆ ಅಂತ ಮಾರುವ ಖಾನೆ ತಟ್ಟೆ ತಂದು ಎಂಟು ತಿಂಗಳಾಯಿತು. ಬೆಲೆ ಮುನ್ನೂರು ಚಿಲ್ಲರೆ. ಅವನಿಗಾಗಿ ಕೊಂಡ ಎಷ್ಟೋ ವಸ್ತುಗಳಲ್ಲಿ ದಿನಾ ಉಪಯೋಗಕ್ಕೆ ಬರುತ್ತಿರುವುದು ಇದೊಂದೇ.

ನಮ್ಮ ಊಟ ಅಂದರೆ ಕಲಸುವುದೇ ಅಲ್ವಾ? ಪಲ್ಯದ ನೀರು ಹರಿದು ಅನ್ನಕ್ಕೆ ತಾಗಿದರೆ ನಮಗೆ ಗೊತ್ತೇ ಆಗುವುದಿಲ್ಲ. ಅವನಿಗೆ ಗೊತ್ತಾಗುತ್ತದೆ. ಚಟ್ನಿ ತಾಗಿ ದೋಸೆಯ ತುದಿ ಮೆತ್ತಗಾದರೆ ಅವನ ಪಾಲಿಗೆ ಅದು ಬೇರೆಯೇ ತಿಂಡಿ. ಇದು ಹಠ ಅಲ್ಲ. "ಹಸಿವಾದ್ರೆ ತಾನೇ ತಿಂತಾನೆ ಬಿಡು" ಎಂದು ನಮ್ಮ ಅತ್ತೆ ಪ್ರೀತಿಯಿಂದಲೇ ಹೇಳುತ್ತಿದ್ದರು, ಆದರೆ ಈ ಮಕ್ಕಳಲ್ಲಿ ಕೆಲವರು ಹಸಿದರೂ ತಿನ್ನುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2013ರ ಒಂದು ವರದಿ, ಆಟಿಸಂ ಇರುವ ಮಕ್ಕಳಲ್ಲಿ ಊಟದ ತೊಂದರೆ ಐದು ಪಟ್ಟು ಜಾಸ್ತಿ ಎನ್ನುತ್ತದೆ. ಅದನ್ನು ಓದಿ ಹೇಳಿದ ಮೇಲೆ ಅತ್ತೆ ಒತ್ತಾಯ ಮಾಡುವುದನ್ನು ಬಿಟ್ಟರು.

ತಟ್ಟೆ ಬಳಸುವ ರೀತಿ ಥೆರಪಿಸ್ಟ್ ಹೇಳಿಕೊಟ್ಟದ್ದು. ದೊಡ್ಡ ಖಾನೆಗಳಲ್ಲಿ ಅವನು ತಿನ್ನುವುದನ್ನೇ ಹಾಕಬೇಕು, ಮೂಲೆಯ ಚಿಕ್ಕ ಖಾನೆಯಲ್ಲಿ ಹೊಸದು ಒಂದೇ ಚೂರು. ತಿನ್ನು ಅನ್ನಬಾರದು. ಸುಮ್ನೆ ಅಲ್ಲಿ ಇರಲಿ. ಅವನಿಗೆ ಗರಿಗರಿ ಇಷ್ಟ, ಅದಕ್ಕೇ ಕ್ಯಾರೆಟ್ಟನ್ನು ತೆಳ್ಳಗೆ ಬಿಲ್ಲೆ ಮಾಡಿ ಕರಿದು ಇಟ್ಟೆ. ಮೊದಲ ವಾರ ಆ ಖಾನೆಯ ಮೇಲೆ ಕೈ ಮುಚ್ಚಿಕೊಂಡೇ ಉಂಡ. ಆಮೇಲೆ ಮುಟ್ಟಿದ, ಮೂಸಿದ, ನಾಲಿಗೆಗೆ ತಾಗಿಸಿ ವಾಪಸ್ ಇಟ್ಟ. ಐದನೇ ವಾರ ಕಚ್ಚಿದ. ನಾವ್ಯಾರೂ ಅವನ ಕಡೆ ತಿರುಗಲಿಲ್ಲ, ನೋಡಿದರೆ ಉಗಿದುಬಿಡುತ್ತಾನೆ ಅಂತ ಗೊತ್ತಿತ್ತು.

ತೊಂದರೆಗಳೂ ಇವೆ. ಖಾನೆಗಳ ನಡುವಿನ ಅಂಚು ಗಿಡ್ಡ. ಒಂದು ಸಲ ಸಾರು ಪಕ್ಕಕ್ಕೆ ಹರಿದು, ಎರಡು ದಿನ ಅವನು ತಟ್ಟೆಯನ್ನೇ ಮುಟ್ಟಲಿಲ್ಲ. ಈಗ ನೀರಾಗಿರುವುದಕ್ಕೆಲ್ಲ ಬೇರೆ ಬಟ್ಟಲು. ಸ್ಟೀಲ್ ಚಮಚ ಉಜ್ಜಿದರೆ ಬರುವ ಕಿರ್ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ, ಅದಕ್ಕೆ ಮರದ ಚಮಚ ಕೊಡುತ್ತೇನೆ. ಆದರೂ ಇದಕ್ಕೆ ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದ ಸಿಲಿಕೋನ್ ತಟ್ಟೆಗಿಂತ ಇದು ಎಷ್ಟೋ ಮೇಲು. ಅದು ಎಷ್ಟು ತೊಳೆದರೂ ಸೋಪಿನ ವಾಸನೆ ಬಿಡುತ್ತಿರಲಿಲ್ಲ.

ತಟ್ಟೆಯಿಂದ ಎಲ್ಲವೂ ಸರಿಹೋಗುವುದಿಲ್ಲ. ತೂಕ ಇಳಿಯುತ್ತಿದ್ದರೆ, ಅಗಿಯಲು ನುಂಗಲು ಕಷ್ಟಪಡುತ್ತಿದ್ದರೆ, ಮಲಬದ್ಧತೆ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ನಮ್ಮವನಿಗೆ ಕಬ್ಬಿಣದ ಅಂಶ ಕಡಿಮೆ ಇದೆ ಅಂತ ರಕ್ತಪರೀಕ್ಷೆ ಮಾಡಿಸಿದಾಗಲೇ ಗೊತ್ತಾಗಿದ್ದು. ಮೈಸೂರಿನ ಕಡೆಯವರಾದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಟಿಸಂ ಇರುವ ಮಕ್ಕಳನ್ನು ನೋಡುತ್ತಾರೆ.

ಕೊಳ್ಳುವುದಾದರೆ ಮಗುವನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಮುಟ್ಟಿ ನೋಡಲಿ. ಅಂಚಿನ ಮೇಲೆ ನೀವೂ ಬೆರಳಾಡಿಸಿ, ಚೂಪಿದ್ದರೆ ಬೇಡ. ಒಂದೇ ಥರದ್ದು ಎರಡು ತನ್ನಿ, ಒಂದು ತೊಳೆಯಲು ಬಿದ್ದಿದ್ದರೂ ಊಟ ನಿಲ್ಲುವುದಿಲ್ಲ.