ಪಾಸ್‌ಪೋರ್ಟ್ ಮುಗಿಯಲು ಇನ್ನೂ ಐದು ತಿಂಗಳಿತ್ತು, ಆದರೂ ವಿಮಾನ ಹತ್ತಲು ಬಿಡಲಿಲ್ಲ

ಗಂಡ, ಹೆಂಡತಿ, ಇಬ್ಬರು ಮಕ್ಕಳು. ಇಂಡೊನೇಷ್ಯಾಕ್ಕೆ ಒಂದು ವಾರದ ಪ್ರವಾಸ. ಟಿಕೆಟ್, ಹೋಟೆಲ್ ಎಲ್ಲ ಬುಕ್ ಆಗಿತ್ತು, ವೀಸಾ ಅಲ್ಲಿ ಇಳಿದ ಮೇಲೆ ತೆಗೆದುಕೊಳ್ಳುವುದಿತ್ತು. ಸೂಟ್‌ಕೇಸ್‌ಗಳು ತೂಕದ ಬೆಲ್ಟಿನ ಮೇಲೆ ಕೂತಿದ್ದವು. ಕೌಂಟರಿನ ಸಿಬ್ಬಂದಿ ಒಂದೊಂದೇ ಪಾಸ್‌ಪೋರ್ಟನ್ನು ಯಂತ್ರಕ್ಕೆ ತೋರಿಸುತ್ತಾ ಬಂದವರು ಮೂರನೆಯದಕ್ಕೆ ನಿಂತರು. ಅದು ಮಗಳದ್ದು. ಪರದೆ ನೋಡಿದರು, ಪುಟ ತಿರುಗಿಸಿ ನೋಡಿದರು, ಬೆರಳು ಮಡಿಸಿ ತಿಂಗಳು ಎಣಿಸಿದರು. ಇಳಿಯುವುದು ಏಪ್ರಿಲ್ 12ಕ್ಕೆ, ಪಾಸ್‌ಪೋರ್ಟ್ ಮುಗಿಯುವುದು ಅಕ್ಟೋಬರ್ 1ಕ್ಕೆ. ಇಂಡೊನೇಷ್ಯಾ ಕೇಳುವುದು ಇಳಿದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ, ಅಂದರೆ ಅಕ್ಟೋಬರ್ 12ರವರೆಗೆ. ಹನ್ನೊಂದು ದಿನ ಸಾಲದೆ ಬಂತು. ಬೆಲ್ಟಿನ ಮೇಲಿದ್ದ ಸೂಟ್‌ಕೇಸ್‌ಗಳು ಕೆಳಗಿಳಿದವು.

ಇದು ಅಪರೂಪದ ಘಟನೆ ಅಲ್ಲವೇ ಅಲ್ಲ. ಇವರಿಗೆ ಯಾರೂ ಮೋಸ ಮಾಡಲಿಲ್ಲ, ಅವರ ಪಾಸ್‌ಪೋರ್ಟ್ ನಕಲಿಯೂ ಅಲ್ಲ. ಮುಗಿಯುವ ದಿನಾಂಕದವರೆಗೂ ಎಲ್ಲಿಗೆ ಬೇಕಾದರೂ ಹೋಗಬಹುದು ಅಂದುಕೊಂಡಿದ್ದರು, ಅಷ್ಟೇ. ಆ ದಿನಾಂಕ ಪಾಸ್‌ಪೋರ್ಟ್ ಕೊಟ್ಟ ಸರ್ಕಾರದ ಮಾತು. ಒಳಗೆ ಬಿಟ್ಟುಕೊಳ್ಳುವ ದೇಶ ತನ್ನದೇ ಲೆಕ್ಕ ಇಟ್ಟುಕೊಂಡಿರುತ್ತದೆ, ಕೌಂಟರಿನಲ್ಲಿ ನಡೆಯುವುದು ಆ ಲೆಕ್ಕ ಮಾತ್ರ.

ಅಲ್ಲಿ ಎಷ್ಟು ಬೇಡಿಕೊಂಡರೂ ಪ್ರಯೋಜನ ಇಲ್ಲದಿರುವುದಕ್ಕೆ ಕಾರಣ ಇದೆ. ಪ್ರವೇಶಕ್ಕೆ ಅರ್ಹರಲ್ಲದವರನ್ನು ಕರೆದುಕೊಂಡು ಹೋದರೆ ವಾಪಸ್ ಕರೆತರುವ ಹೊಣೆ ವಿಮಾನ ಸಂಸ್ಥೆಯ ಮೇಲೆ ಬೀಳುತ್ತದೆ, ಹಲವು ದೇಶಗಳಲ್ಲಿ ದಂಡವೂ ಬೀಳುತ್ತದೆ. ಹಾಗಾಗಿ ಬಹುತೇಕ ವಿಮಾನ ಸಂಸ್ಥೆಗಳು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎ ನಡೆಸುವ ಟಿಮ್ಯಾಟಿಕ್ ಎಂಬ ದತ್ತಾಂಶ ವ್ಯವಸ್ಥೆ ನೋಡಿಯೇ ತೀರ್ಮಾನ ಮಾಡುತ್ತವೆ. ನಿಮ್ಮ ಪೌರತ್ವ, ಎಲ್ಲಿಗೆ, ಎಲ್ಲಿ ಬದಲಿ ವಿಮಾನ, ಎಷ್ಟು ದಿನ ಎಂಬುದನ್ನು ಕೊಟ್ಟರೆ ಅದು ನಿಯಮ ಹೇಳುತ್ತದೆ. ಅಲ್ಲಿ 'ಆಗದು' ಅಂತ ಬಂದ ಮೇಲೆ ಬೋರ್ಡಿಂಗ್ ಪಾಸ್ ಕೊಡುವ ಅಧಿಕಾರ ಎದುರಿಗಿರುವ ಸಿಬ್ಬಂದಿಗೆ ಇರುವುದಿಲ್ಲ.

ಮೊದಲೇ ವೀಸಾ ಪಡೆಯಬೇಕಾದ ಪ್ರವಾಸದಲ್ಲಿ ಅರ್ಜಿ ಪರಿಶೀಲಿಸುವವರು ಅವಧಿಯನ್ನೂ ನೋಡುತ್ತಾರೆ. ವೀಸಾ ಬೇಡದ ದೇಶಕ್ಕೆ, ಇಳಿದ ಮೇಲೆ ವೀಸಾ ಕೊಡುವ ದೇಶಕ್ಕೆ ಹೊರಟಾಗ ಹಾಗೆ ನೋಡುವವರು ಯಾರೂ ಇಲ್ಲ. ನಿಮ್ಮ ಪಾಸ್‌ಪೋರ್ಟಿನ ಅವಧಿಯನ್ನು ಮೊದಲ ಬಾರಿಗೆ ಎಣಿಸುವವರು ಚೆಕ್-ಇನ್ ಸಿಬ್ಬಂದಿಯೇ ಆಗಿಬಿಡುತ್ತಾರೆ. ಸುಲಭದ ಪ್ರವಾಸಗಳಲ್ಲೇ ಜನ ಹೆಚ್ಚು ಸಿಕ್ಕಿಬೀಳುವುದು ಇದಕ್ಕೇ.

ಎಲ್ಲರ ಬಾಯಲ್ಲೂ 'ಆರು ತಿಂಗಳ ನಿಯಮ' ಅಂತ ಇದೆ. ಆದರೆ ಒಂದೇ ನಿಯಮ ಎಲ್ಲ ಕಡೆ ಇಲ್ಲ. ಎಷ್ಟು ತಿಂಗಳು ಅನ್ನುವುದು ಒಂದು ಪ್ರಶ್ನೆ, ಯಾವ ದಿನದಿಂದ ಎಣಿಸುವುದು ಅನ್ನುವುದು ಇನ್ನೊಂದು. ಎಡವುವುದು ಎರಡನೆಯದರಲ್ಲಿ. ಇಂಡೊನೇಷ್ಯಾ ಎಣಿಸುವುದು ಇಳಿದ ದಿನದಿಂದ. ಯುರೋಪಿನ ಷೆಂಗೆನ್ ದೇಶಗಳು, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು, ಎಣಿಸುವುದು ನೀವು ಅಲ್ಲಿಂದ ಹೊರಡುವ ದಿನದಿಂದ, ಆಮೇಲೆ ಇನ್ನೂ ಮೂರು ತಿಂಗಳು. ನ್ಯೂಜಿಲೆಂಡ್ ಕೂಡ ಹೊರಟ ಮೇಲೆ ಮೂರು ತಿಂಗಳು ಕೇಳುತ್ತದೆ, ದಕ್ಷಿಣ ಆಫ್ರಿಕಾ ಹೊರಟ ಮೇಲೆ 30 ದಿನ. ಟರ್ಕಿಯ ಲೆಕ್ಕ ಬೇರೆಯೇ: ವೀಸಾ ಅಥವಾ ವೀಸಾ ವಿನಾಯಿತಿಯ ಅವಧಿ ಮುಗಿದ ಮೇಲೂ 60 ದಿನ ಉಳಿದಿರಬೇಕು. 90 ದಿನದ ವಿನಾಯಿತಿ ಇರುವವರು ನಾಲ್ಕೇ ದಿನಕ್ಕೆ ಹೋದರೂ 150 ದಿನ ಬೇಕಾಗುತ್ತದೆ. ಬ್ರಿಟನ್, ಕೆನಡಾ, ಜಪಾನ್‌ಗಳಿಗೆ ಅಲ್ಲಿರುವ ಅಷ್ಟೂ ದಿನ ಚಾಲ್ತಿಯಲ್ಲಿದ್ದರೆ ಸಾಕು. ಅಮೆರಿಕದ ಮೂಲ ನಿಯಮ ತಂಗುವ ಅವಧಿಯ ಆಚೆಗೆ ಆರು ತಿಂಗಳು, ಆದರೆ ಒಪ್ಪಂದ ಇರುವ ಬಹಳಷ್ಟು ದೇಶಗಳ ಪ್ರಜೆಗಳಿಗೆ ಅದರಿಂದ ವಿನಾಯಿತಿ ಇದೆ. ಅಂದರೆ ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕೂತ ಇಬ್ಬರಿಗೆ ಬೇರೆ ಬೇರೆ ಲೆಕ್ಕ ಇರಬಹುದು. ಪಕ್ಕದ ಮನೆಯವರು ಹೋಗಿ ಬಂದರು ಎಂಬುದು ಆಧಾರವಲ್ಲ.

ಷೆಂಗೆನ್‌ನಲ್ಲಿ ಇನ್ನೊಂದು ಷರತ್ತಿದೆ, ಗೊತ್ತಿರುವವರು ಕಡಿಮೆ. ಒಳಗೆ ಹೋಗುವ ದಿನಕ್ಕೆ ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಮೀರಿರಬಾರದು. ಬ್ರಿಟನ್ 2018ರ ಸೆಪ್ಟೆಂಬರ್ ತನಕ ಹಳೆಯ ಪಾಸ್‌ಪೋರ್ಟಿನಲ್ಲಿ ಉಳಿದಿದ್ದ ಅವಧಿಯನ್ನು, ಒಂಬತ್ತು ತಿಂಗಳವರೆಗೂ, ಹೊಸದಕ್ಕೆ ಸೇರಿಸಿ ಕೊಡುತ್ತಿತ್ತು. ಅಂಥ ಒಂದು ಪಾಸ್‌ಪೋರ್ಟ್ 2016ರ ಮೇ 10ಕ್ಕೆ ಕೊಟ್ಟದ್ದು, 2027ರ ಫೆಬ್ರುವರಿ 10ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. 2026ರ ಮೇ 20ಕ್ಕೆ ಹೊರಟರೆ ಕೈಯಲ್ಲಿ ಎಂಟು ತಿಂಗಳಿಗಿಂತ ಹೆಚ್ಚು ಅವಧಿ ಕಾಣುತ್ತದೆ. ಆದರೂ ಒಳಗೆ ಬಿಡುವುದಿಲ್ಲ, ಕೊಟ್ಟ ದಿನಾಂಕದಿಂದ ಹತ್ತು ವರ್ಷ ಹತ್ತು ದಿನ ಆಗಿದೆ. ಯುರೋಪಿಗೆ ಹೋಗುವವರು ಮುಗಿಯುವ ದಿನಾಂಕದ ಜೊತೆ ಕೊಟ್ಟ ದಿನಾಂಕವನ್ನೂ ನೋಡಲೇಬೇಕು.

ಆರು ತಿಂಗಳು ಅಂದರೆ 180 ದಿನ ಅಂತ ಲೆಕ್ಕ ಹಾಕಬೇಡಿ. ಜನವರಿ 15ರಿಂದ ಜುಲೈ 15ಕ್ಕೆ 181 ದಿನ, ಜುಲೈ 15ರಿಂದ ಮುಂದಿನ ಜನವರಿ 15ಕ್ಕೆ 184. ಗಡಿಯಂಚಿನಲ್ಲಿ ಇರುವವರಿಗೆ ಈ ನಾಲ್ಕು ದಿನವೇ ಮುಳುವಾಗುತ್ತದೆ. ರಾತ್ರಿ 11ಕ್ಕೆ ಹೊರಡುವ ವಿಮಾನ ಇಳಿಯುವುದು ಮರುದಿನ, ಎಣಿಕೆ ಶುರುವಾಗುವುದು ಆ ಮರುದಿನದಿಂದ. ಮರಳುವ ದಿನದಿಂದ ಎಣಿಸುವ ದೇಶವಾದರೆ ವಿಮಾನ ರದ್ದಾಗಿಯೋ ಆಸ್ಪತ್ರೆ ಸೇರಿಯೋ ಒಂದು ವಾರ ಹೆಚ್ಚು ಉಳಿಯಬೇಕಾದೀತು ಎಂಬುದನ್ನೂ ಸೇರಿಸಿಕೊಳ್ಳಿ. ನಿಯಮ ಏನೇ ಇರಲಿ, ಮರಳುವ ದಿನಕ್ಕೆ ಏಳು ತಿಂಗಳು ಉಳಿದಿಲ್ಲದಿದ್ದರೆ ಟಿಕೆಟ್ ಕೊಳ್ಳುವ ಮೊದಲು ನವೀಕರಿಸಿಕೊಳ್ಳುವುದೇ ಸರಿ.

ನೋಡುವುದಾದರೆ ಹೀಗೆ ನೋಡಿ. ಹೋಗುವವರೆಲ್ಲರ ಪಾಸ್‌ಪೋರ್ಟ್ ಒಟ್ಟಿಗೆ ಮೇಜಿನ ಮೇಲೆ ಇಡಿ. ದೊಡ್ಡವರದ್ದು ಹತ್ತು ವರ್ಷಕ್ಕಿದ್ದರೆ ಮಕ್ಕಳದ್ದು ಬಹಳಷ್ಟು ದೇಶಗಳಲ್ಲಿ ಐದೇ ವರ್ಷಕ್ಕೆ ಇರುತ್ತದೆ. ಒಟ್ಟಿಗೆ ಮಾಡಿಸಿದ್ದೇವೆ, ಒಟ್ಟಿಗೆ ಮುಗಿಯುತ್ತದೆ ಎಂಬ ಭಾವನೆಯೇ ಆ ಕುಟುಂಬ ಮಾಡಿದ ತಪ್ಪು. ದಿನಾಂಕ ಅಂಕಿಯಲ್ಲಿ ಅಚ್ಚಾಗಿದ್ದರೆ 04/07 ಅನ್ನುವುದು ಏಪ್ರಿಲ್ 7 ಅಥವಾ ಜುಲೈ 4 ಎಂಬ ಗೊಂದಲ ಆಗಬಹುದು. ಆಗ ಫೋಟೊ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲಿವೆಯಲ್ಲ, ತಲಾ 44 ಅಕ್ಷರದವು, ಅದರಲ್ಲಿ ಎರಡನೆಯ ಸಾಲನ್ನು ನೋಡಿ. ಪಾಸ್‌ಪೋರ್ಟ್ ಸಂಖ್ಯೆ, ದೇಶದ ಸಂಕೇತ, ಹುಟ್ಟಿದ ದಿನ ಆದ ಮೇಲೆ ಗಂಡು ಹೆಣ್ಣು ಸೂಚಿಸುವ ಎಂ ಅಥವಾ ಎಫ್ ಅಕ್ಷರ ಬರುತ್ತದೆ. ಅದಕ್ಕೆ ಅಂಟಿಕೊಂಡ ಆರು ಅಂಕಿಯೇ ಮುಗಿಯುವ ದಿನ. ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. 270314 ಅಂತಿದ್ದರೆ 2027ರ ಮಾರ್ಚ್ 14. ಅದರ ಮುಂದಿನ ಒಂಟಿ ಅಂಕಿ ತಾಳೆ ನೋಡುವ ಅಂಕಿ, ಅದನ್ನು ದಿನಾಂಕಕ್ಕೆ ಸೇರಿಸಿ ಓದಬೇಡಿ. ಕೌಂಟರಿನ ಯಂತ್ರ ಓದುವುದು ಇದನ್ನೇ.

ನಿಯಮ ತಿಳಿಯಲು ಹೋಗುವ ದೇಶದ ವಲಸೆ ಇಲಾಖೆ ಅಥವಾ ರಾಯಭಾರ ಕಚೇರಿಯ ಜಾಲತಾಣ ನೋಡಿ. ನಂತರ ನಿಮ್ಮ ವಿಮಾನ ಸಂಸ್ಥೆಯ ಜಾಲತಾಣದಲ್ಲಿ ಪ್ರಯಾಣ ದಾಖಲೆಗಳ ವಿಭಾಗ ನೋಡಿ. ಎರಡೂ ಒಂದೇ ಮಾತು ಹೇಳಬೇಕು. ಹೇಳದಿದ್ದರೆ ವಿಮಾನ ಸಂಸ್ಥೆಗೆ ಬರೆದು, ಬರಹದಲ್ಲೇ ಉತ್ತರ ಪಡೆಯಿರಿ. ಟಿಕೆಟ್ ಮಾಡಿಕೊಟ್ಟ ಏಜೆಂಟರ ಬಾಯಿಮಾತು ಸಾಲದು.

ಮಧ್ಯದಲ್ಲಿ ವಿಮಾನ ಬದಲಿಸುವುದಿದ್ದರೆ ಆ ದೇಶದ್ದನ್ನೂ ನೋಡಬೇಕು. ಒಂದೇ ಟಿಕೆಟಿನಲ್ಲಿ ಒಳಗಿಂದೊಳಗೇ ಬದಲಿಸಿದರೆ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ದುಡ್ಡು ಉಳಿಸಲು ಎರಡು ಬೇರೆ ಬೇರೆ ಟಿಕೆಟ್ ಕೊಂಡವರು ಅಲ್ಲಿ ಲಗೇಜ್ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಲು ಇಮಿಗ್ರೇಷನ್ ದಾಟಬೇಕಾಗುತ್ತದೆ. ದಾಟಿದರೆ ಅದು ಆ ದೇಶದೊಳಗೆ ಹೋದಂತೆಯೇ, ಅದರ ಅವಧಿಯ ನಿಯಮ, ವೀಸಾ ಎಲ್ಲ ನಿಮಗೆ ಅನ್ವಯ.

ಅವಧಿ ಸರಿ ಇದ್ದೂ ಪುಟ ಇಲ್ಲದೆ ವಾಪಸಾದವರಿದ್ದಾರೆ. ಒಂದೆರಡು ಪೂರ್ತಿ ಖಾಲಿ ಪುಟ ಕೇಳುವ ದೇಶಗಳಿವೆ. ವೀಸಾಕ್ಕೆಂದೇ ಬಿಟ್ಟ ಪುಟಗಳು ಮಾತ್ರ ಇದರ ಲೆಕ್ಕಕ್ಕೆ, ಕೊನೆಯಲ್ಲಿ ತಿದ್ದುಪಡಿಗೆಂದು ಇಟ್ಟ ಪುಟ ಸೇರುವುದಿಲ್ಲ. ನೀರು ಬಿದ್ದು ಉಬ್ಬಿದ್ದು, ಫೋಟೊ ಪುಟದ ಲ್ಯಾಮಿನೇಷನ್ ಎದ್ದದ್ದು, ಹೊಲಿಗೆ ಬಿಟ್ಟದ್ದು, ಪುಟದ ಮೂಲೆ ಹರಿದದ್ದು, ಇಂಥದ್ದಿದ್ದರೆ ಬದಲಿಸಿ. ಪ್ರವಾಸಿ ತಾಣಗಳಲ್ಲಿ ನೆನಪಿಗೆಂದು ಒತ್ತಿಕೊಡುವ ಮುದ್ರೆಯನ್ನು ದಯವಿಟ್ಟು ಪಾಸ್‌ಪೋರ್ಟಿನಲ್ಲಿ ಹಾಕಿಸಿಕೊಳ್ಳಬೇಡಿ, ಅದು ಅಧಿಕೃತ ದಾಖಲೆ. ಕಳೆದುಹೋಗಿದೆ ಎಂದು ದೂರು ಕೊಟ್ಟ ಪಾಸ್‌ಪೋರ್ಟ್ ಆಮೇಲೆ ಮನೆಯಲ್ಲೇ ಸಿಕ್ಕರೂ ಬಳಸಬಾರದು. ಅದರ ಸಂಖ್ಯೆ ಇಂಟರ್‌ಪೋಲ್‌ನ ಕಳೆದ, ಕಳುವಾದ ದಾಖಲೆಗಳ ಪಟ್ಟಿಗೆ ಹೋಗಿರುತ್ತದೆ, ಗಡಿಯಲ್ಲಿ ಸಿಕ್ಕಿಬೀಳುತ್ತೀರಿ.

ನವೀಕರಿಸಿದ ಮೇಲೂ ಒಂದು ಕೆಲಸ ಇದೆ, ಅವಸರದಲ್ಲಿ ಮರೆಯುವುದು ಇದನ್ನೇ. ಪಾಸ್‌ಪೋರ್ಟ್ ಸಂಖ್ಯೆ ಬದಲಾಗುತ್ತದೆ. ಅಮೆರಿಕದ ಎಸ್ಟಾ, ಕೆನಡಾದ ಇಟಿಎ, ಬ್ರಿಟನ್ನಿನ ಇಟಿಎ ಇವೆಲ್ಲ ವೀಸಾ ಬೇಡದವರು ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಪಡೆಯುವ, ಹಳೆಯ ಸಂಖ್ಯೆಗೆ ಕಟ್ಟಿಹಾಕಿದ ಅನುಮತಿಗಳು. ಹೊಸ ಪಾಸ್‌ಪೋರ್ಟಿಗೆ ಹೊಸದಾಗಿ ಅರ್ಜಿ ಹಾಕಬೇಕು. ಹಾಳೆಯ ಮೇಲೆ ಅಂಟಿಸಿದ ಅಮೆರಿಕದ ವೀಸಾ ಹಳೆಯದರಲ್ಲಿ ಉಳಿದಿದ್ದು ಅವಧಿ ಇದ್ದರೆ ಎರಡನ್ನೂ ಒಟ್ಟಿಗೆ ಒಯ್ಯಬಹುದು. ವೀಸಾ ಹಾಳೆಯನ್ನು ಕಿತ್ತು ಹೊಸದಕ್ಕೆ ಅಂಟಿಸಲು ಹೋಗಬೇಡಿ, ಹಾಗೆ ಮಾಡಿದರೆ ವೀಸಾ ಅಲ್ಲಿಗೇ ಅಸಿಂಧು. ಟಿಕೆಟ್ ಬುಕಿಂಗ್‌ನಲ್ಲಿ ಕೊಟ್ಟ ಪಾಸ್‌ಪೋರ್ಟ್ ವಿವರವನ್ನೂ ಬದಲಿಸಿ. ಓದಲು ಅಥವಾ ಕೆಲಸಕ್ಕೆ ಹೋಗುವವರು ಅರ್ಜಿಗೆ ಮುಂಚೆಯೇ ನವೀಕರಿಸಿಕೊಳ್ಳಿ: ಕೆನಡಾದಂಥ ದೇಶಗಳು ಪಾಸ್‌ಪೋರ್ಟ್ ಮುಗಿಯುವ ದಿನದ ಆಚೆಗೆ ಪರ್ಮಿಟ್ ಕೊಡುವುದಿಲ್ಲ, ಎರಡು ವರ್ಷದ ಕೋರ್ಸಿಗೆ ಹದಿನಾಲ್ಕು ತಿಂಗಳ ಪರ್ಮಿಟ್ ಕೈಗೆ ಬರಬಹುದು.

ಇಷ್ಟಾಗಿಯೂ ಕೌಂಟರಿನಲ್ಲಿ ನಿಲ್ಲಿಸಿದರೆ ಗಲಾಟೆಗೆ ಹೋಗಬೇಡಿ. ಟಿಮ್ಯಾಟಿಕ್‌ನಲ್ಲಿ ಬಂದ ನಿಯಮವನ್ನು ತೋರಿಸಲು ಕೇಳಿ, ಪೌರತ್ವ ಮತ್ತು ಮರಳುವ ದಿನಾಂಕ ಸರಿಯಾಗಿ ಹಾಕಿದ್ದಾರೆಯೇ ಎಂದು ಓದಿ ನೋಡಿ, ತಪ್ಪಿದ್ದರೆ ಮೇಲ್ವಿಚಾರಕರನ್ನು ಕರೆಸಿ. ನಿಯಮ ಸರಿಯೇ ಆಗಿದ್ದರೆ ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಪ್ರಯಾಣ ವಿಮೆ ಸಾಮಾನ್ಯವಾಗಿ ದಾಖಲೆಯ ಕೊರತೆಗೆ ಪರಿಹಾರ ಕೊಡುವುದಿಲ್ಲವಾದರೂ ಹೋಟೆಲ್‌ನವರ ಜೊತೆ ಮಾತಾಡಲು ಆ ಬರಹ ಬೇಕು. ತುರ್ತು ಪಾಸ್‌ಪೋರ್ಟ್ ಮಾಡಿಸಿ ಮರುದಿನ ಹೊರಡುವ ಯೋಚನೆ ಇದ್ದರೆ, ಹೋಗುವ ದೇಶ ಅದನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿ, ಎಲ್ಲ ದೇಶಗಳೂ ಒಪ್ಪುವುದಿಲ್ಲ. ಎಲ್ಲಕ್ಕಿಂತ ಮುಂಚೆ, ಕೌಂಟರ್ ಮುಚ್ಚುವುದರೊಳಗೆ ಟಿಕೆಟಿನ ದಿನಾಂಕ ಬದಲಿಸಿ ಅಥವಾ ರದ್ದು ಮಾಡಿಸಿ. ಸುಮ್ಮನೆ ಮನೆಗೆ ಬಂದರೆ ಹಾಜರಾಗದ ಪ್ರಯಾಣಿಕ ಎಂದು ದಾಖಲಾಗಿ, ಅದೇ ಟಿಕೆಟಿನ ಮುಂದಿನ ಹಂತಗಳೂ ವಾಪಸ್ ಬರುವ ವಿಮಾನವೂ ತಾನಾಗಿ ರದ್ದಾಗುತ್ತವೆ. ಆ ಕುಟುಂಬಕ್ಕೆ ಇದು ಗೊತ್ತಾದದ್ದು ಮೂರು ದಿನ ಬಿಟ್ಟು ಫೋನ್ ಮಾಡಿದಾಗ. ಮಗಳೊಬ್ಬಳದ್ದಲ್ಲ, ನಾಲ್ಕೂ ಜನರ ವಾಪಸ್ ಟಿಕೆಟ್ ಅಷ್ಟರಲ್ಲಿ ಹೋಗಿತ್ತು.